ಕೋಡಿಬೇಲೆ ಎದ್ದು ಹೋದ ವರ್ಷ

ಕೋಡಿಬೇಲೆ
28 ಮೇ 2023

ಅಪ್ಪನಿಗೆ ಭವ್ಯಶ್ರೀ ಮಾಡುವ ನಮಸ್ಕಾರ.

ನಾನು ಇಲ್ಲಿಗೆ ಬಂದು ಕೆಲಸಕ್ಕೆ ಸೇರಿ ಹದಿನೈದು ದಿನವಾಯಿತು. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ದಯಾನಂದಣ್ಣ ಮಧ್ಯೆ ನಿಂತು ನಾನು ಹೇಳಿದ್ದನ್ನೆಲ್ಲ ‘ಚೆನ್ನಾಗವಳಂತೆ’ ಎಂದು ಒಂದೇ ಮಾತಿಗೆ ಇಳಿಸಿಬಿಡುತ್ತಾನೆ. ಅದಕ್ಕೇ ಈ ಕಾಗದ. ಈ ಅಂಚೆ ಕಚೇರಿಯ ಬೀರುವಿನಲ್ಲಿ ಲಕೋಟೆಗಳ ಒಂದು ಕಟ್ಟು ಬಿಚ್ಚದೆ ಕೂತಿತ್ತು. ಈಗ ಕಾಗದ ಬರೆಯುವವರು ಯಾರು? ಪೋಸ್ಟ್ ಮಾಸ್ಟರಾದ ನಾನೇ ಅದರ ಮೊದಲ ಗಿರಾಕಿ.

ಊರು ಹೇಗಿದೆ ಎಂದು ಅಮ್ಮ ಕೇಳಿದಳಂತೆ. ನಮ್ಮ ತೋಟದ ಬದುವಿನ ಮೇಲೆ ನಿಂತ ಹಾಗೆ ಅಂದುಕೊ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕೆರೆ. ಆ ಬದುವನ್ನು ಒಂದು ಮೈಲಿ ಉದ್ದಕ್ಕೆ ಎಳೆದು, ಕಾಲುವೆ ಇದ್ದ ಕಡೆ ನದಿಯನ್ನೂ ಕೆರೆ ಇದ್ದ ಕಡೆ ಸಮುದ್ರವನ್ನೂ ಇಟ್ಟರೆ ಅದೇ ಕೋಡಿಬೇಲೆ. ನದಿ ಘಟ್ಟ ಇಳಿದು ಬಂದು, ಇನ್ನೇನು ಸಮುದ್ರಕ್ಕೆ ಬೀಳಬೇಕು ಅನ್ನುವಾಗ ಮನಸ್ಸು ಬದಲಾಯಿಸಿ ಉತ್ತರಕ್ಕೆ ತಿರುಗುತ್ತದೆ. ಸಮುದ್ರದ ಪಕ್ಕದಲ್ಲೇ ಅಷ್ಟು ದೂರ ಹರಿದು ಕೊನೆಗೆ ಅಳಿವೆಯಲ್ಲಿ ಸೇರುತ್ತದೆ. ಎರಡರ ಮಧ್ಯೆ ಉಳಿದ ಮರಳಿನ ಪಟ್ಟಿಯ ಮೇಲೆ ಮನೆಗಳಿವೆ. ಈ ಪಟ್ಟಿಯನ್ನು ಇಲ್ಲಿಯವರು ಕೋಡಿ ಎನ್ನುತ್ತಾರೆ. ನಮ್ಮಲ್ಲಿ ಕೆರೆ ತುಂಬಿ ಹರಿದರೆ ಕೋಡಿ. ಇಲ್ಲಿ ನೆಲವೇ ನೀರಿನೊಳಕ್ಕೆ ಚಾಚಿಕೊಂಡರೆ ಕೋಡಿ.

ಹಿಂದೆ ಇದು ಬಂದರಂತೆ. ಅಕ್ಕಿ, ಮೆಣಸು, ಹೆಂಚು ತುಂಬಿಕೊಂಡು ಹಾಯಿ ಹಡಗುಗಳು ಹೋಗುತ್ತಿದ್ದವಂತೆ. ಆಗ ಸುಂಕ ವಸೂಲಿ ಮಾಡುತ್ತಿದ್ದ ಕೆಂಪುಕಲ್ಲಿನ ಕಟ್ಟಡದ ಒಂದು ಕೋಣೆಯೇ ನನ್ನ ಅಂಚೆ ಕಚೇರಿ. ಕಿಟಕಿಯ ಹೊರಗೆ ನದಿಗೆ ಇಳಿಯುವ ಕಲ್ಲಿನ ಕಟ್ಟೆಯಿದೆ. ಹಡಗು ಬಿಗಿಯುತ್ತಿದ್ದ ಕಬ್ಬಿಣದ ಬಳೆಗಳಿಗೆ ಈಗ ಆಡು ಕಟ್ಟುತ್ತಾರೆ.

ನಾನಿರುವುದು ಗುಲಾಬಿಯಮ್ಮ ಎನ್ನುವವರ ಮನೆಯಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಒಣಮೀನಿನ ವ್ಯಾಪಾರ. ಮಕ್ಕಳಿಲ್ಲ. ಪಕ್ಕದ ಮನೆಯಲ್ಲಿ ಅವರ ತಂಗಿ ಮುತ್ತು ಇದ್ದಾರೆ. ಇಬ್ಬರೂ ದಿನವಿಡೀ ಬೇಲಿಯ ಮೇಲೆಯೇ ಜಗಳವಾಡುತ್ತಾರೆ, ಬೇಲಿಯ ಮೇಲೆಯೇ ಸಾರು ಕೊಟ್ಟು ತೆಗೆದುಕೊಳ್ಳುತ್ತಾರೆ. ತಿಪಟೂರು ಕಡೆಯವಳು ಎಂದಾಗ ಗುಲಾಬಿಯಮ್ಮ, ‘ಕೊಬ್ಬರಿ ಊರಿನ ಹೆಣ್ಣ್! ಮೀನ್ ತಿಂತ್ಯಾ ಇಲ್ಯಾ?’ ಎಂದು ಕೇಳಿದರು. ತಿನ್ನುತ್ತೇನೆ ಎಂದ ಮೇಲೆಯೇ ಕೋಣೆ ಸಿಕ್ಕಿದ್ದು.

ನಾನು ಹೊರಟ ದಿನ ಬಸ್ಸಿನ ಹತ್ತಿರ ನೀನು ಬರಲಿಲ್ಲ. ತೋಟಕ್ಕೆ ನೀರು ತಿರುಗಿಸುತ್ತಿದ್ದೀಯ ಎಂದಳು ಅಮ್ಮ. ಅವತ್ತು ಕರೆಂಟೇ ಇರಲಿಲ್ಲ, ಅಪ್ಪ. ಇರಲಿ.

ನಿನ್ನ ಮಗಳು,
ಭವ್ಯಶ್ರೀ

ಬಿಳಿಗೆರೆ
11 ಜೂನ್ 2023

ಮಗಳು ಭವ್ಯಶ್ರೀಗೆ ನಿನ್ನ ಅಪ್ಪನ ಆಶೀರ್ವಾದ.

ಕಾಗದ ಬಂತು. ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಿನ್ನ ಅತ್ತಿಗೆ ಅನಿತಾ ಅಮ್ಮನಿಗೆ ಓದಿ ಹೇಳಿದಳು. ‘ಎರಡು ಕಡೆ ನೀರಿರೋ ಊರಲ್ಲಿ ನನ್ನ ಮಗಳು ಎಂಗೆ ನಿದ್ದೆ ಮಾಡ್ತಾಳೋ’ ಎಂದು ನಿನ್ನ ಅಮ್ಮ ಗೊಣಗುತ್ತಿದ್ದಾಳಂತೆ. ನನಗೇನು ಕೇಳಿಸುತ್ತದೆ? ಅನಿತಾ ಬರೆದು ತೋರಿಸಿದಳು.

ನನಗೂ ಅದೇ ಪ್ರಶ್ನೆ. ಬುದ್ಧಿಯಿರುವವರು ಮರಳಿನ ಮೇಲೆ ಮನೆ ಕಟ್ಟುತ್ತಾರೆಯೇ? ಗಟ್ಟಿ ನೆಲ ಸಿಗಲಿಲ್ಲವೇ ಅವರಿಗೆ? ನನ್ನ ಅಜ್ಜ ಹೇಳುತ್ತಿದ್ದ, ಅವನ ಕಾಲದಲ್ಲಿ ಕರಾವಳಿಯಿಂದ ಉಪ್ಪಿನ ಗಾಡಿಗಳು ತಿಪಟೂರು ಸಂತೆಗೆ ಬರುತ್ತಿದ್ದವು ಎಂದು. ಎತ್ತುಗಳ ಮೈ ನೆಕ್ಕಿದರೂ ಉಪ್ಪುಪ್ಪಾಗಿರುತ್ತಿತ್ತಂತೆ. ಆ ಗಾಡಿಯವರು ನಿಮ್ಮ ಊರಿನವರೇ ಇದ್ದರೂ ಇರಬಹುದು. ಕೇಳಿ ನೋಡು.

ಇಲ್ಲಿ ಮುಂಗಾರು ಇನ್ನೂ ಕಣ್ಣಾಮುಚ್ಚಾಲೆ ಆಡುತ್ತಿದೆ. ಅಟ್ಟದ ಮೇಲಿನ ಕಾಯಿ ಇನ್ನೂ ಒಣಗಿ ಗಿಟಕಾಗಿಲ್ಲ. ಅಲ್ಲಾಡಿಸಿದರೆ ಒಳಗೆ ನೀರು ಆಡುತ್ತದೆ ಎಂದು ದಯಾನಂದ ಹೇಳುತ್ತಾನೆ. ಆ ಸದ್ದು ನನ್ನ ಕಿವಿಗೆ ಬೀಳುವುದಿಲ್ಲವಾದ್ದರಿಂದ ಆ ಕೆಲಸ ಅವನಿಗೆ ಬಿಟ್ಟಿದ್ದೇನೆ.

ಪಕ್ಕದ ತೋಟದ ಶಂಭುಲಿಂಗಯ್ಯನ ಹೆಂಡತಿ ನಿನ್ನ ವಿಚಾರ ಕೇಳಿದಳಂತೆ. ನಾನು ಏನೂ ಹೇಳಿ ಕಳಿಸಲಿಲ್ಲ.

ಒಂದು ವರ್ಷ ತುಂಬುತ್ತಲೇ ವರ್ಗಾವಣೆಗೆ ಅರ್ಜಿ ಹಾಕು. ಹಾಲ್ಕುರಿಕೆಯಲ್ಲೋ ನೊಣವಿನಕೆರೆಯಲ್ಲೋ ಎಲ್ಲಾದರೂ ಒಂದು ಜಾಗ ಖಾಲಿಯಾಗುತ್ತದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರುವಂತಿರಬೇಕು ಕೆಲಸ.

ಇಂತಿ ನಿನ್ನ ಅಪ್ಪ,
ಬೋರಯ್ಯ

ಕೋಡಿಬೇಲೆ
16 ಜುಲೈ 2023

ಅಪ್ಪನಿಗೆ,

ಮೊದಲೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ. ಟೀವಿಯಲ್ಲಿ ನೋಡಿ ಅಮ್ಮ ಅತ್ತಳಂತೆ. ಆ ಟೀವಿಯವರು ಬಂದದ್ದು ಎಲ್ಲ ಮುಗಿದ ಮೇಲೆ.

ಮಂಗಳವಾರದಿಂದಲೇ ಸಮುದ್ರ ಬೇರೆಯಾಗಿತ್ತು. ಅಲೆ ಎದ್ದು ಬಿದ್ದು ಹಿಂದಕ್ಕೆ ಹೋಗುವುದನ್ನೇ ಮರೆತಿತ್ತು. ಬುಧವಾರ ಬೆಳಿಗ್ಗೆ ಉಬ್ಬರದ ಹೊತ್ತಿಗೆ, ಹೋದ ವರ್ಷ ದಡಕ್ಕೆ ಸುರಿದಿದ್ದ ಬಂಡೆಗಳನ್ನು ಒಂದೊಂದಾಗಿ ಎಳೆದುಕೊಂಡಿತು. ಆನೆಯಷ್ಟು ದೊಡ್ಡ ಕಲ್ಲುಗಳು, ಅಪ್ಪ. ಗೋಲಿಯ ಹಾಗೆ ಉರುಳಿದವು. ಆಮೇಲೆ ಮುತ್ತಕ್ಕನ ಮನೆಯ ಮುಂದಿನ ತೆಂಗಿನ ಮರ ಮೊದಲು ನಿಂತ ಹಾಗೆಯೇ ಕೆಳಗಿಳಿಯಿತು, ಕಾಲ ಕೆಳಗಿನ ನೆಲ ಹೋದವರ ಹಾಗೆ. ಆಮೇಲೆ ಮಲಗಿತು.

ನಾನು ಅಂಚೆ ಚೀಲವನ್ನೂ ಮೊಹರನ್ನೂ ತಲೆಯ ಮೇಲೆ ಹೊತ್ತು ಶಾಲೆಗೆ ಸಾಗಿಸಿ ಮತ್ತೆ ಓಡಿ ಬಂದೆ. ಅಷ್ಟರಲ್ಲಿ ಮುತ್ತಕ್ಕನ ಅಡುಗೆಮನೆಗೆ ಗೋಡೆ ಇರಲಿಲ್ಲ. ಒಲೆಯ ಆಚೆಗೆ ನೇರ ಸಮುದ್ರ. ಗುಲಾಬಿಯಮ್ಮ ಸೊಂಟಕ್ಕೆ ಸೆರಗು ಬಿಗಿದು ಒಳಗೆ ನುಗ್ಗಿದರು. ಪಾತ್ರೆ, ಬಟ್ಟೆ, ದೇವರ ಪಟ ಎಲ್ಲ ಕೈಯಿಂದ ಕೈಗೆ ಹೊರಗೆ ಬಂತು. ಕೊನೆಗೆ ಮುಂಬಾಗಿಲು ಉಳಿದಿತ್ತು. ‘ಬಿಡ್ ಅಕ್ಕಾ, ಹೋಯ್ಲಿ’ ಎಂದು ಮುತ್ತಕ್ಕ ಕಿರುಚಿದರು. ಗುಲಾಬಿಯಮ್ಮ ಬಿಡಲಿಲ್ಲ. ನಾಲ್ಕು ಜನ ಸೇರಿ ಹಾರೆ ಹಾಕಿ ದಾರಂದವನ್ನು ಕಿತ್ತು, ಬಾಗಿಲ ಸಮೇತ ಎತ್ತಿಕೊಂಡು ಹೊರಗೆ ಬಂದೆವು. ನಾವು ರಸ್ತೆ ಮುಟ್ಟುವುದಕ್ಕೂ ಹಿಂದೆ ಸೂರು ಕುಸಿಯುವುದಕ್ಕೂ ಸರಿಹೋಯಿತು. ನನ್ನ ಮೊಣಕಾಲು ಸ್ವಲ್ಪ ತರಚಿದೆ, ಅಷ್ಟೇ.

ಮರುದಿನ ತಹಸೀಲ್ದಾರರು ಬಂದರು. ಕೋಡಿಯ ಮೇಲೆ ಇನ್ನು ಯಾರೂ ಇರುವಂತಿಲ್ಲ, ಎಲ್ಲರಿಗೂ ಹಾಡಿಗುಡ್ಡೆಯಲ್ಲಿ ಈಗಾಗಲೇ ಕಟ್ಟಿರುವ ಮನೆ ಕೊಡುತ್ತೇವೆ ಎಂದರು. ಹಾಡಿಗುಡ್ಡೆ ಇಲ್ಲಿಂದ ಒಂಬತ್ತು ಕಿಲೋಮೀಟರ್ ಒಳಗೆ, ಗುಡ್ಡದ ಮೇಲೆ. ಯಾರೂ ಹೋಗುವುದಿಲ್ಲ ಎಂದು ಶಾಲೆಯ ಜಗಲಿಯಲ್ಲಿ ಕೂತು ಎಲ್ಲರೂ ಮಾತಾಡಿಕೊಂಡರು. ಮುತ್ತಕ್ಕನೂ ಅಲ್ಲೇ ಕೂತಿದ್ದರು. ಸಂಜೆ ಹೊತ್ತಿಗೆ ಅವರ ಒಪ್ಪಿಗೆ ಪತ್ರ ತಾಲ್ಲೂಕು ಆಫೀಸಿನಲ್ಲಿತ್ತು. ಈಗ ಅವರು ಗುಡ್ಡದ ಮೇಲಿದ್ದಾರೆ.

‘ಒಬ್ಬರು ಒಪ್ಪಿದ ಮೇಲೆ ನಿಮ್ಮದೇನು?’ ಎಂದು ಆಫೀಸಿನವರು ಉಳಿದವರನ್ನು ಕೇಳುತ್ತಿದ್ದಾರೆ. ಗುಲಾಬಿಯಮ್ಮನ ಉತ್ತರ ಒಂದೇ: ‘ನಾ ಎಲ್ಲಿಗೂ ಹೋತಿಲ್ಲೆ.’ ತಂಗಿಯ ಹೆಸರು ಎತ್ತುವುದಿಲ್ಲ. ಆ ಬಾಗಿಲು ಮಾತ್ರ ನಮ್ಮ ಅಂಗಳದಲ್ಲಿ ಗೋಡೆಗೆ ಒರಗಿದೆ. ಅದರ ಮೇಲೆ ಗೋಣಿಚೀಲ ಹೊದೆಸಿದ್ದಾರೆ.

ಭವ್ಯಶ್ರೀ

ಬಿಳಿಗೆರೆ
2 ಆಗಸ್ಟ್ 2023

ಮಗಳಿಗೆ ಆಶೀರ್ವಾದ.

ತರಚಿದ ಗಾಯವನ್ನು ಹೊಲಿಸಿಕೊಂಡೆ ಎಂದು ದಯಾನಂದನಿಗೆ ಫೋನಿನಲ್ಲಿ ಹೇಳಿದ್ದೀಯ. ಅವನು ನನಗೆ ಬರೆದು ತೋರಿಸಿದ. ನನಗೆ ಬರೆಯುವಾಗ ನಿಜವನ್ನೇ ಬರಿ.

ನಿನ್ನ ಕಾಗದ ಓದಿದ ಮೇಲೆ ಒಂದು ವಿಷಯ ಬರೆಯಬೇಕು ಅನ್ನಿಸಿತು. ಹೆದ್ದಾರಿ ಅಗಲ ಮಾಡಿದಾಗ ನೀನು ತುಮಕೂರಿನ ಹಾಸ್ಟೆಲಿನಲ್ಲಿದ್ದೆ. ರಜಕ್ಕೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀನು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪೂರ್ವದ ಕಡೆಯ ತೆಂಗಿನ ಸಾಲುಗಳು ನನ್ನ ಅಪ್ಪ ಇಟ್ಟವು. ಯಂತ್ರ ಬಂದು ಮರದ ಬುಡಕ್ಕೆ ಕೈ ಹಾಕಿ ದೂಡಿದರೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಎಳನೀರು ತುಂಬಿದ ಗೊನೆಗಳು ನೆಲಕ್ಕೆ ಬಡಿದು ಒಡೆದು, ಒಣ ನೆಲ ಒದ್ದೆಯಾಯಿತು. ಅವತ್ತು ನನ್ನ ಕಿವಿ ಇನ್ನೂ ಸ್ವಲ್ಪ ಕೇಳಿಸುತ್ತಿತ್ತು.

ನಾವು ರೈತರೆಲ್ಲ ಸೇರಿ, ರಸ್ತೆಯನ್ನು ಪಾಳುಭೂಮಿಯ ಕಡೆಗೆ ತಿರುಗಿಸಿ ಎಂದು ಕೇಳಿದ್ದೆವು. ಯಾರೂ ಸಹಿ ಹಾಕಬಾರದು ಎಂದು ಮಾತಾಗಿತ್ತು. ಮೊದಲು ಸಹಿ ಹಾಕಿದವನು ಶಂಭುಲಿಂಗಯ್ಯ. ಅದಕ್ಕೂ ನನಗೆ ಬೇಸರವಿಲ್ಲ. ಅವನಿಗೆ ಏನು ಕಷ್ಟವಿತ್ತೋ. ಆದರೆ ಸಹಿ ಹಾಕಿ ಬಂದ ಮಧ್ಯಾಹ್ನ ಅವನು ನಮ್ಮ ತೋಟದಲ್ಲೇ ನನ್ನ ಜೊತೆ ಕಾಯಿ ಸುಲಿಸುತ್ತ ನಿಂತಿದ್ದ. ಮಳೆ ವಿಚಾರ ಮಾತಾಡಿದ, ಹಸು ಕರು ಹಾಕಿದ್ದು ಮಾತಾಡಿದ. ಇದನ್ನು ಹೇಳಲಿಲ್ಲ. ಮೂರನೆಯ ತರಗತಿಯಿಂದ ಒಂದೇ ಹಲಗೆಯ ಮೇಲೆ ಕೂತು ಓದಿದವರು ನಾವು. ಅವತ್ತಿನಿಂದ ಇವತ್ತಿನವರೆಗೆ ನಾನು ಅವನ ಮುಖ ನೋಡಿಲ್ಲ. ರಸ್ತೆಯ ಕಡೆಯ ಬದುವಿಗೂ ಹೋಗಿಲ್ಲ.

ನಿನ್ನ ಮುತ್ತಕ್ಕ ಅಕ್ಕನಿಗೆ ಹೇಳಿ ಸಹಿ ಹಾಕಿದಳೋ, ಹೇಳದೆ ಹಾಕಿದಳೋ? ತಿಳಿದರೆ ಬರಿ.

ಬೋರಯ್ಯ

ಕೋಡಿಬೇಲೆ
24 ಸೆಪ್ಟೆಂಬರ್ 2023

ಅಪ್ಪನಿಗೆ,

ಹೇಳದೆ ಹಾಕಿದರು.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಆ ರಜದಲ್ಲಿ ನಾನು ಕೇಳಬೇಕಿತ್ತು. ನೀನು ಊಟಕ್ಕೆ ಕೂತರೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಹೆದರಿಕೆಯಾಗಿತ್ತು.

ಮಳೆ ಕಡಿಮೆಯಾಗಿದೆ. ಮೊನ್ನೆ ಭಾನುವಾರ ಗುಲಾಬಿಯಮ್ಮ, ನಾನು ದೋಣಿಯಲ್ಲಿ ನದಿಯ ಮೇಲಕ್ಕೆ ಹೋಗಿದ್ದೆವು. ದಾರಿಯಲ್ಲಿ ನಿನ್ನ ಪ್ರಶ್ನೆಯನ್ನೇ ಕೇಳಿದೆ, ಮರಳಿನ ಮೇಲೆ ಯಾಕೆ ಮನೆ ಕಟ್ಟಿದಿರಿ ಎಂದು. ಅವರು ನಕ್ಕು, ‘ಊರು ಇಲ್ಲಿತ್ತ್ ಅಂದೇಳಿ ಯಾರ್ ಹೇಳಿದ್ರ್ ನಿಂಗೆ?’ ಎಂದರು.

ಕೋಡಿಬೇಲೆ ಈಗಿರುವ ಜಾಗದಲ್ಲಿ ಹುಟ್ಟಿದ್ದೇ ಅಲ್ಲವಂತೆ. ಎಲ್ಲಕ್ಕಿಂತ ಮೊದಲು ಊರು ನದಿಯ ಮೇಲ್ಭಾಗದ ತಿರುವಿನಲ್ಲಿತ್ತು. ಹಳೇಪೇಟೆ ಎನ್ನುತ್ತಾರೆ. ಹಡಗುಗಳು ಅಲ್ಲಿಯವರೆಗೂ ಬರುತ್ತಿದ್ದವು. ನದಿ ಹೂಳು ತಂದು ತುಂಬಿದ ಮೇಲೆ ಹಡಗು ಮೇಲಕ್ಕೆ ಬರದಾಯಿತು. ಜನ ಹಡಗಿನ ಹಿಂದೆಯೇ ಇಳಿದು, ಆಗ ತೆಂಕಣಕ್ಕಿದ್ದ ಅಳಿವೆಯ ಬಾಯಿಗೆ ಹೋದರು. ಅಲ್ಲಿ ಎರಡು ಬೀದಿ, ದೇವಸ್ಥಾನ, ಮಸೀದಿ ಎಲ್ಲ ಎದ್ದವು. ಗುಲಾಬಿಯಮ್ಮ ಹುಟ್ಟಿದ್ದು ಆ ಬೀದಿಯಲ್ಲಿ. ಅವರು ಚಿಕ್ಕವರಿದ್ದಾಗ ಒಂದು ಆಷಾಢದಲ್ಲಿ ದೊಡ್ಡ ನೆರೆ ಬಂದು, ನದಿ ಹಳೆಯ ಬಾಯಿ ಮುಚ್ಚಿಕೊಂಡು ಉತ್ತರದಲ್ಲಿ ಹೊಸದಾಗಿ ಒಡೆಯಿತು. ಬೀದಿಗಳು ಹೋದವು. ಆಗ ಕೋಡಿಯ ಮೇಲೆ ಇದ್ದದ್ದು ಸುಂಕದ ಕಟ್ಟಡ ಮತ್ತು ದೋಣಿ ಕಟ್ಟುವ ಚಪ್ಪರ ಮಾತ್ರ. ತಾಯಿ ಕೈಕೂಸು ಮುತ್ತಕ್ಕನನ್ನು ಸೊಂಟದಲ್ಲಿಟ್ಟುಕೊಂಡು, ಇವರನ್ನು ಕೈಹಿಡಿದು ನಡೆಸಿಕೊಂಡು ಅಲ್ಲಿಗೆ ಬಂದಳು. ಯಾರ ಪಕ್ಕಕ್ಕೆ ಯಾರ ಮನೆ ಇತ್ತೋ ಇಲ್ಲೂ ಹಾಗೆಯೇ ಕಟ್ಟಿಕೊಂಡರಂತೆ. ಊರಿನ ಹೆಸರನ್ನೂ ಹೊತ್ತು ತಂದರು.

‘ಇಷ್ಟು ಸಲ ಎದ್ದು ಬಂದವರು ಈ ಸಲ ಯಾಕೆ ಹೋಗುವುದಿಲ್ಲ?’ ಎಂದೆ.

‘ಆಗ ನೀರ್ ಬಿಟ್ಟ್ ನೀರಿಗೇ ಹೋಯ್ದ್. ಈಗ ಗುಡ್ಡಿ ಹತ್ತ್ ಅಂತ್ರ್. ಗುಡ್ಡಿ ಮೇಲೆ ನಾ ಎಂತ ಒಣಗ್ಸುದ್, ಸೀರೆಯಾ?’

ಅಷ್ಟು ಹೊತ್ತಿಗೆ ದೋಣಿ ಹಳೇಪೇಟೆಗೆ ಬಂದಿತ್ತು. ಅಲ್ಲಿ ಆಮೇಲೆ ಒಂದು ಹೆಂಚಿನ ಕಾರ್ಖಾನೆ ಬಂದು, ಅದೂ ಮುಚ್ಚಿ, ಜಾಗ ಸರ್ಕಾರಕ್ಕೆ ಸೇರಿದೆ. ಎತ್ತರದ ಬಯಲು. ಹೆಂಚು ಒಣಗಿಸುತ್ತಿದ್ದ ಅಂಗಳ ಹಾಗೇ ಇದೆ, ಬಿಸಿಲು ಬೇಕಾದಷ್ಟು. ಕೆಳಗೆ ದೋಣಿ ಕಟ್ಟಲು ನದಿ. ಈ ವರ್ಷದ ನೆರೆಯೂ ಅಲ್ಲಿಗೆ ಏರಿಲ್ಲ. ಗುಲಾಬಿಯಮ್ಮ ಇಳಿದು ಆ ಅಂಗಳದ ಮಧ್ಯೆ ಹೋಗಿ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಅಂಗೈ ಒತ್ತಿ ನೋಡಿದರು.

ಮನೆಗೆ ಬಂದ ಮೇಲೆ, ‘ನಿಂಗೆ ಬರಿಯುಕ್ ಬತ್ತಲ್ದಾ, ಒಂದ್ ಅರ್ಜಿ ಬರಿ’ ಎಂದರು. ಬರೆದೆ. ಕೋಡಿಯವರೆಲ್ಲ ಹೆಬ್ಬೆಟ್ಟೋ ಸಹಿಯೋ ಹಾಕಿದರು. ನವೆಂಬರ್ ಕೊನೆಗೆ ಜಿಲ್ಲಾ ಆಫೀಸಿನ ದೊಡ್ಡ ಸಾಹೇಬರು ಬಂದು ಸಭೆ ಮಾಡುತ್ತಾರಂತೆ.

ಕಾಯಿ ಇಳಿಸಿದ ಮೇಲೆ ನಿನಗೆ ಬಿಡುವಲ್ಲವೇ? ಒಂದು ಸಲ ಬಂದು ಹೋಗು ಅಪ್ಪ.

ಭವ್ಯಶ್ರೀ

ಕೋಡಿಬೇಲೆ
26 ನವೆಂಬರ್ 2023

ಹೊಂಬಾಳಮ್ಮನಿಗೆ ಬೋರಯ್ಯ ಬರೆಯುವುದು. ಅನಿತಾ, ನಿಧಾನಕ್ಕೆ ಓದಿ ಹೇಳು.

ಕ್ಷೇಮವಾಗಿ ತಲುಪಿದೆ. ಘಟ್ಟ ಇಳಿಯುವಾಗ ತಲೆ ಸುತ್ತಿತು, ಹುಣಸೆಹಣ್ಣು ಚೀಪಿದೆ. ಮಗಳು ಸ್ವಲ್ಪ ಕಪ್ಪಾಗಿದ್ದಾಳೆ, ಗೆಲುವಾಗಿದ್ದಾಳೆ. ಬೀದಿಯಲ್ಲಿ ಹೋದರೆ ಎಲ್ಲರೂ ಇವಳನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಇವಳು ನಮ್ಮ ಮನೆಯಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ.

ಸಮುದ್ರದ ಹತ್ತಿರ ಹೋದೆ. ಅಷ್ಟು ದೊಡ್ಡದು ಅಷ್ಟು ಕುಣಿಯುತ್ತಿದೆ, ನನಗೆ ಒಂದು ಚೂರೂ ಸದ್ದಿಲ್ಲ. ಟೀವಿಯ ಸದ್ದು ತೆಗೆದು ನೋಡಿದ ಹಾಗಿತ್ತು. ನಾಚಿಕೆಯಾಗಿ ಹಿಂದಿರುಗೋಣ ಎಂದುಕೊಂಡೆ. ಇವಳು ನನ್ನ ಚಪ್ಪಲಿ ಬಿಡಿಸಿ ಒದ್ದೆ ಮರಳಿನ ಮೇಲೆ ನಿಲ್ಲಿಸಿದಳು. ಅಲೆ ಬಿದ್ದಾಗ ಅಂಗಾಲಿನಿಂದ ಹೊಟ್ಟೆಯವರೆಗೆ ಧಂ ಎಂದು ಬಂತು. ಇನ್ನೊಂದು ಬಿತ್ತು, ಅದೂ ಬಂತು. ಹೊಂಬಾಳಿ, ಎಷ್ಟು ಕಾಲವಾಯಿತು ನಾನು ಒಂದು ಸದ್ದು ಕೇಳಿ! ಬಿಸಿಲು ಏರುವವರೆಗೆ ಅಲ್ಲೇ ನಿಂತಿದ್ದೆ.

ಶುಕ್ರವಾರ ಶಾಲೆಯಲ್ಲಿ ಸಭೆಯಾಯಿತು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಗಳು ನನ್ನ ಅಂಗೈಯ ಮೇಲೆ ಬೆರಳಿನಿಂದ ಒಂದೊಂದು ಪದ ಬರೆಯುತ್ತಿದ್ದಳು. ಉಳಿದದ್ದನ್ನು ಮುಖ ನೋಡಿ ತಿಳಿದುಕೊಂಡೆ. ಗುಲಾಬಿಯಮ್ಮ ಹಳೇಪೇಟೆಯ ಜಾಗ ಕೇಳಿದರು. ದೊಡ್ಡ ಸಾಹೇಬರು ತಲೆ ಅಲ್ಲಾಡಿಸಿ, ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಂಗಸಿನ ಕಡೆ ಪೆನ್ನು ತೋರಿಸಿದರು. ಇವಳು ನನ್ನ ಕೈಮೇಲೆ ‘ಮುತ್ತು’ ಎಂದು ಬರೆದಳು. ಗುಡ್ಡದ ಮೇಲೆ ಸುಖವಾಗಿದ್ದಾರಲ್ಲ, ಅವರನ್ನು ನೋಡಿ ನೀವೂ ಹೋಗಿ ಎಂದರಂತೆ ಸಾಹೇಬರು.

ಮುತ್ತಕ್ಕ ಮುಂದಕ್ಕೆ ಬಂದಳು. ಸಣ್ಣ ಹೆಂಗಸು. ಏನೋ ಹೇಳಲು ಶುರು ಮಾಡಿದಳು. ನಮ್ಮ ಹುಡುಗಿ ಬರೆಯುವುದನ್ನೇ ನಿಲ್ಲಿಸಿಬಿಟ್ಟಳು. ನಾನು ಗುಲಾಬಿಯಮ್ಮನ ಮುಖ ನೋಡುತ್ತ ಕೂತೆ. ಆ ಮುಖ ಮೊದಲು ಕಲ್ಲಾಗಿತ್ತು. ಆಮೇಲೆ ಗದ್ದ ಅದುರಿತು. ಆಮೇಲೆ ಸೆರಗು ಬಾಯಿಗೆ ಹೋಯಿತು.

ಹೊರಗೆ ಬಂದ ಮೇಲೆ ಮಗಳು ಬರೆದು ತೋರಿಸಿದಳು. ಮುತ್ತಕ್ಕ ಹೇಳಿದ್ದು ಇಷ್ಟು: ‘ನನ್ನ ಮನೆ ಬಿದ್ದಿತ್ತ್, ಹೆದರಿಕಿ ಆಯ್ತ್, ನಾ ಹೋದೆ. ಗುಡ್ಡಿ ಲಾಯ್ಕಿತ್ತ್ ಅಂದೇಳಿ ಹೋದ್ದಲ್ಲ. ಅಲ್ಲಿ ಮೀನ್ ಒಣಗ್ಸಿರೆ ಬದಿಮನೆಯರ್ ಮೂಗ್ ಮುಚ್ಕಂತ್ರ್. ನನ್ನ ಹೆಸ್ರ್ ಹೇಳಿ ಇವ್ರನ್ನ್ ಎಬ್ಬಿಸ್ಬೇಡಿ.’ ಸಾಹೇಬರು ಒಳ್ಳೆಯವರಿರಬೇಕು. ಪೆನ್ನು ಕೆಳಗಿಟ್ಟು, ಜಾಗ ನೋಡೋಣ ನಡೆಯಿರಿ ಎಂದು ಎದ್ದರು.

ಅಕ್ಕತಂಗಿ ಅವತ್ತೇನೂ ಮಾತಾಡಲಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಗುಲಾಬಿಯಮ್ಮ ಬಂದು ನನ್ನ ಭುಜ ತಟ್ಟಿ, ಅಂಗಳದಲ್ಲಿ ಗೋಣಿಚೀಲ ಹೊದ್ದಿದ್ದ ಬಾಗಿಲನ್ನು ತೋರಿಸಿದರು. ನಾನು, ಇನ್ನಿಬ್ಬರು ಸೇರಿ ಅದನ್ನು ಗೂಡ್ಸ್ ಆಟೋಗೆ ಏರಿಸಿದೆವು. ಗುಡ್ಡದ ಮೇಲೆ ಎಲ್ಲ ಒಂದೇ ಅಚ್ಚಿನ ಮನೆಗಳು, ತಗಡಿನ ಬಾಗಿಲು. ಮುತ್ತಕ್ಕ ಹೊರಗೆ ಬಂದು ನಿಂತಳು. ಗುಲಾಬಿಯಮ್ಮ ಒಂದೇ ಒಂದು ಮಾತು ಹೇಳಿದರು. ಏನೆಂದು ಮಗಳನ್ನು ಕೇಳಿದೆ. ‘ಬಾಗ್ಲ್ ತಂದೆ’ ಅಂದರಂತೆ.

ದಾರಂದ ಕೂರಿಸಲು ಗೋಡೆಯನ್ನು ಸ್ವಲ್ಪ ಕೊರೆಯಬೇಕಾಯಿತು. ನಾನೂ ಉಳಿ ಹಿಡಿದೆ. ಇನ್ನೂ ಕೆಲಸ ಬಾಕಿಯಿದೆ. ಎರಡು ದಿನ ತಡವಾಗಿ ಬರುತ್ತೇನೆ.

ಬೋರಯ್ಯ

ಬಿಳಿಗೆರೆ
9 ಡಿಸೆಂಬರ್ 2023

ನಮ್ಮ ಯಜಮಾನರಿಗೆ ಹೊಂಬಾಳಮ್ಮ ಹೇಳಿ ಬರೆಸಿದ್ದು.

ಎರಡು ದಿನ ಅಂತ ಹೋದೋರು ನೀವು. ಕಾಯಿ ಅಟ್ಟಕ್ಕೆ ಏರಿಸೋಕೆ ಆಳು ಬಂದು ಕಾಯ್ತಾ ಅವ್ರೆ. ದಯಾನಂದ ಒಬ್ಬನೇ ಎಷ್ಟು ಅಂತ ಒದ್ದಾಡ್ತಾನೆ? ಅಲ್ಲಿ ಯಾರ್‌ದೋ ಬಾಗ್ಲು ಕೂರಿಸ್ತಾ ಕುಂತಿದ್ದೀರಂತೆ. ನಮ್ಮ ಕೊಟ್ಟಿಗೆ ಬಾಗ್ಲು ಮುರಿದು ಒಂದು ವರ್ಷ ಆಯ್ತು, ಅದು ಕಣ್ಣಿಗೆ ಬಿದ್ದಿಲ್ಲ. ಸಮುದ್ರ ಕಾಲಿಗೆ ಕೇಳಿಸ್ತು ಅಂತ ಬರೆದಿದ್ದೀರಲ್ಲ, ಅದನ್ನ ಅನಿತಾ ಕೈಲಿ ಇನ್ನೊಂದು ಸಲ ಓದಿಸಿದೆ. ಬೇಗ ಬನ್ನಿ. ಬರುವಾಗ ಒಣಮೀನು ತರಬೇಡಿ, ಬಸ್ಸಲ್ಲಿ ಜನ ಬಯ್ತಾರೆ.

ಹೊಂಬಾಳಮ್ಮ

ಮಾವ, ಸ್ವಲ್ಪ ತನ್ನಿ. ಅತ್ತೆಗೆ ಆಸೆಯಿದೆ. – ಅನಿತಾ

ಹಳೇಪೇಟೆ, ಕೋಡಿಬೇಲೆ
12 ಮೇ 2024

ಅಪ್ಪನಿಗೆ,

ಮೇಲಿನ ವಿಳಾಸ ನೋಡಿದೆಯಾ? ಈಗ ಹೀಗೆ ಬರೆಯಬೇಕು.

ಜಾಗದ ಆದೇಶ ಮಾರ್ಚಿನಲ್ಲಿ ಬಂತು. ಕೇಳಿದವರಿಗೆಲ್ಲ ಸಿಗಲಿಲ್ಲ. ಕೆಲವರು ಕಾದು ಸಾಕಾಗಿ ಗುಡ್ಡಕ್ಕೇ ಹೋದರು, ಇಬ್ಬರು ಮಕ್ಕಳ ಜೊತೆ ಉಡುಪಿಗೆ ಹೋದರು. ಉಳಿದವರು ಏಪ್ರಿಲ್ ಪೂರ್ತಿ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಹೆಂಚು, ರೀಪು, ಕಿಟಕಿ, ಒಲೆಯ ಕಲ್ಲು, ಎಲ್ಲ ದೋಣಿಯಲ್ಲಿ ಬಂತು. ಬರಿಯ ಗೋಡೆಗಳು ನಿಂತಿವೆ ಕೋಡಿಯ ಮೇಲೆ. ಈ ಮಳೆಗಾಲಕ್ಕೆ ಅವೂ ಹೋಗಬಹುದು.

ಮೊದಲ ದೋಣಿ ಹೊರಟಾಗ ಗುಲಾಬಿಯಮ್ಮ ತಿರುಗಿ ನೋಡುತ್ತಾರೆ ಎಂದುಕೊಂಡಿದ್ದೆ. ನೋಡಲಿಲ್ಲ. ಹೆಂಚು ಒಡೆಯುತ್ತದೆ, ಸರಿಯಾಗಿ ಹಿಡಿ ಎಂದು ನನ್ನನ್ನೇ ಬೈಯುತ್ತ ಕೂತಿದ್ದರು. ಮುತ್ತಕ್ಕನಿಗೆ ಇಲ್ಲಿ ಜಾಗ ಕೊಡಲಿಲ್ಲ, ಅಲ್ಲಿ ಮನೆ ಇದೆಯಲ್ಲ ಎಂದು. ಅವರು ದಿನಾ ಬೆಳಗಿನ ಬಸ್ಸಿಗೆ ಬರುತ್ತಾರೆ. ಇಬ್ಬರೂ ಹೆಂಚಿನ ಅಂಗಳದಲ್ಲಿ ಮೀನು ಹರವುತ್ತಾರೆ. ನಡುವೆ ಬೇಲಿಯಿಲ್ಲ, ಜಗಳ ಮಾತ್ರ ಇನ್ನೂ ಜೋರು.

ಅಂಚೆ ಕಚೇರಿ ಈಗ ಕಾರ್ಖಾನೆಯ ಹಳೆಯ ಆಫೀಸಿನಲ್ಲಿದೆ. ಮುಚ್ಚಿಬಿಡುತ್ತಾರೋ ಎಂಬ ಮಾತಿತ್ತು, ಸದ್ಯಕ್ಕೆ ಉಳಿದಿದೆ.

ನನಗೆ ನಾಳೆಗೆ ಒಂದು ವರ್ಷ. ನೊಣವಿನಕೆರೆಯ ಹತ್ತಿರ ಒಂದು ಜಾಗ ಖಾಲಿಯಿದೆ ಎಂದು ಪಟ್ಟಿಯಲ್ಲಿ ನೋಡಿದೆ. ಬಹಳ ಹೊತ್ತು ನೋಡಿದೆ ಅಪ್ಪ. ಅರ್ಜಿ ಹಾಕಲಿಲ್ಲ. ಈಗಷ್ಟೇ ಇವರೆಲ್ಲ ಇಳಿದಿದ್ದಾರೆ. ಒಂದು ಮಳೆಗಾಲವನ್ನಾದರೂ ಇವರ ಜೊತೆ ಈ ಜಾಗದಲ್ಲಿ ಕಳೆಯಬೇಕು. ಬೈಯುವುದಿದ್ದರೆ ಕಾಗದದಲ್ಲೇ ಬೈ.

ಭವ್ಯಶ್ರೀ

ಬಿಳಿಗೆರೆ
26 ಮೇ 2024

ಮಗಳು ಭವ್ಯಶ್ರೀಗೆ,

ಬೈಯುವುದಿಲ್ಲ. ನಿನ್ನ ಅಮ್ಮ ಬೈದಳು, ಅದು ನಿನ್ನನ್ನಲ್ಲ, ನನ್ನನ್ನು. ‘ಹೋಗಿ ನೋಡ್ಕಂಡು ಬಂದು ನೀವೇ ಕುಮ್ಮಕ್ಕು ಕೊಟ್ರಿ’ ಎಂದಳಂತೆ. ಹೌದು ಎಂದು ತಲೆಯಾಡಿಸಿದೆ. ಇರು ಅಲ್ಲೇ. ಇರಬೇಕು ಅನ್ನಿಸುವಷ್ಟು ದಿನ ಇರು. ದಸರೆಗೆ ನಿನ್ನ ಅಮ್ಮನನ್ನೂ ಕರೆತರುತ್ತೇನೆ, ಅವಳೂ ಒಂದು ಸಲ ಮರಳಿನ ಮೇಲೆ ನಿಲ್ಲಲಿ.

ಇನ್ನೊಂದು ಸುದ್ದಿ. ಅಲ್ಲಿಂದ ಬಂದಾಗಿನಿಂದ ಗುಲಾಬಿಯಮ್ಮ ಬಾಗಿಲು ಹೇರಿಸಿಕೊಂಡು ತಂಗಿಯ ಗುಡ್ಡಕ್ಕೆ ಹೋದದ್ದೇ ಕಣ್ಣೆದುರು ಬರುತ್ತಿತ್ತು. ಅವರ ವಯಸ್ಸಿಗೆ, ಅಷ್ಟು ದೂರ. ನನಗಾದರೆ ಒಂದು ಬದು ದಾಟಿದರೆ ಸಾಕಿತ್ತು. ಆದರೂ ಐದು ತಿಂಗಳು ಬೇಕಾಯಿತು.

ಹೋದ ಸೋಮವಾರ ಬೆಳಿಗ್ಗೆ ಪಂಚೆ ಉಟ್ಟು ಹೊರಟೆ. ರಸ್ತೆಯ ಕಡೆಯ ಬದುವಿನ ಮೇಲೇ ಹೋದೆ. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಒಂದು ಗಳಿಗೆ ನಿಂತು ನೋಡಿ ಮುಂದೆ ನಡೆದೆ. ಶಂಭುಲಿಂಗಯ್ಯ ಅವನ ಮನೆಯ ಜಗಲಿಯಲ್ಲಿ ಕೂತಿದ್ದ. ಬಹಳ ಇಳಿದುಹೋಗಿದ್ದಾನೆ. ಹಲ್ಲಿಲ್ಲ. ನನ್ನನ್ನು ಕಂಡು ಎದ್ದು ನಿಂತ. ಏಳಬೇಡ ಎಂದು ಕೈ ತೋರಿಸಿ ಪಕ್ಕದಲ್ಲಿ ಕೂತೆ.

ಒಳಗಿನಿಂದ ಅವನ ಹೆಂಡತಿ ಇಣುಕಿ ನೋಡಿ ಕಾಫಿಗೆ ಇಡಲು ಹೋದಳು. ಆಮೇಲೆ ಅವನು ನನ್ನ ಕಡೆಗೆ ತಿರುಗಿ ಮಾತಾಡಲು ಶುರು ಮಾಡಿದ. ರಸ್ತೆಯ ಕಡೆ ಕೈ ತೋರಿಸಿದ, ಎದೆ ಮುಟ್ಟಿಕೊಂಡ, ನೆಲ ನೋಡುತ್ತ ಮಾತಾಡಿದ. ಕಣ್ಣಲ್ಲಿ ನೀರು ಬಂತು. ತುಂಬ ಹೊತ್ತು ಹೇಳಿದ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಿರಬೇಕು. ನನ್ನ ಕಿವಿ ಪೂರ್ತಿ ಹೋಗಿದೆ ಎಂದು ಅವನಿಗೆ ಗೊತ್ತೇ ಇಲ್ಲ. ಯಾರು ಹೇಳುತ್ತಾರೆ? ನಾವು ಮಾತು ಬಿಟ್ಟ ಮೇಲೆ ಹೋದ ಕಿವಿ ಅದು.

ಒಂದು ಅಕ್ಷರವೂ ನನಗೆ ಕೇಳಿಸಲಿಲ್ಲ ಮಗಳೇ. ಇನ್ನೊಂದು ಸಲ ಹೇಳು ಎಂದು ನಾನು ಕೇಳಲಿಲ್ಲ.

ಅವನು ಮುಗಿಸಿ, ಉತ್ತರಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡಿದ. ಅಷ್ಟರಲ್ಲಿ ಕಾಫಿ ಬಂತು. ಒಂದು ಲೋಟ ತೆಗೆದು ಅವನ ಕೈಗೆ ಕೊಟ್ಟು, ‘ಆಯ್ತು ಬುಡ್ಲಾ, ಆರೋಯ್ತದೆ, ಕುಡಿ’ ಅಂದೆ.

ಇಂತಿ ನಿನ್ನ ಅಪ್ಪ,
ಬೋರಯ್ಯ